‘ಕ್ಯಾರೆಕ್ಟರ್’ ಅಂದರೆ ಅಕ್ಷರವಲ್ಲ

ತೆನಾಲಿ ರಾಮಕೃಷ್ಣನ ಕತೆ ಕೇಳಿ ಬೆಳೆದವರಿಗೆಲ್ಲ ಗೊತ್ತು, ‘ವಿಕಟಕವಿ’ಯನ್ನು ಹಿಂದಿನಿಂದ ಓದಿದರೂ ವಿಕಟಕವಿಯೇ. ಪೈಥಾನ್ ಭಾಷೆ ಇದನ್ನು ಒಪ್ಪುವುದಿಲ್ಲ. ಪ್ರೋಗ್ರಾಮಿಂಗ್ ಕಲಿಸುವ ಪುಸ್ತಕಗಳಲ್ಲಿ ಮೊದಮೊದಲು ಬರುವ ಅಭ್ಯಾಸಗಳಲ್ಲಿ ಒಂದು, ಕೊಟ್ಟ ಪದ ತಿರುಗಿಸಿದರೂ ಅದೇ ಆಗಿರುತ್ತದೆಯೇ ಎಂದು ನೋಡುವುದು. ಪದವನ್ನು ತಿರುಗಿಸು, ಮೂಲದ ಜೊತೆ ಹೋಲಿಸು, ಸಮವಾದರೆ ಹೌದು ಎನ್ನು, ಅಷ್ಟೇ. ಇಂಗ್ಲಿಷಿನ ‘ಲೆವೆಲ್’ ಪಾಸಾಗುತ್ತದೆ. ನಮ್ಮ ‘ಕನಕ’ನೂ ಪಾಸು. ವಿಕಟಕವಿ ಮಾತ್ರ ಫೇಲು. ಯಂತ್ರಕ್ಕೆ ‘ವಿ’ ಎಂಬುದು ಒಂದಲ್ಲ, ಎರಡು: ‘ವ’ ಒಂದು, ಅದರ ಗುಡಿಸು ಇನ್ನೊಂದು. ತಿರುಗಿಸಿದಾಗ ಕೊನೆಯ ಗುಡಿಸು ಹಿಡಿದುಕೊಳ್ಳಲು ವ್ಯಂಜನವಿಲ್ಲದೆ ಅನಾಥವಾಗಿ ಮೊದಲಿಗೆ ಬಂದು ನಿಲ್ಲುತ್ತದೆ. ಮೊದಲ ‘ವಿ’ಯ ಗುಡಿಸು ಪಕ್ಕದ ‘ಕ’ಕಾರಕ್ಕೆ ಅಂಟಿಕೊಳ್ಳುತ್ತದೆ. ಕೊನೆಗೆ ಪರದೆಯ ಮೇಲೆ ಕಾಣುವುದು ‘ವಕಟಕಿವ’ ಎಂಬ, ಯಾವ ಭಾಷೆಗೂ ಸೇರದ ಒಂದು ಸದ್ದು.

ಇದು ಪೈಥಾನಿನ ತಪ್ಪು ಎಂದು ನಾನು ಹೇಳುತ್ತಿಲ್ಲ. ಯಂತ್ರ ತನಗೆ ಹೇಳಿದ್ದನ್ನು ಹೇಳಿದಂತೆ ಮಾಡಿದೆ. ತಪ್ಪಿರುವುದು ಕಲಿಯುವವಳಿಗೆ ನಾವು ಕೊಟ್ಟ ಒಂದು ವಾಕ್ಯದಲ್ಲಿ. ‘ಸ್ಟ್ರಿಂಗ್ ಎಂದರೆ ಕ್ಯಾರೆಕ್ಟರುಗಳ ಸಾಲು’ ಎಂದು ಅವಳು ಓದಿದ್ದಳು. ಕ್ಯಾರೆಕ್ಟರ್ ಎಂದರೆ ಅಕ್ಷರ ಎಂದು ನಿಘಂಟು ಹೇಳಿತ್ತು. ಐದು ಅಕ್ಷರದ ವಿಕಟಕವಿ ಏಳು ತುಂಡಾಗುತ್ತದೆ ಎಂದು ಯಾವ ಸಾಲೂ ಅವಳಿಗೆ ಹೇಳಲಿಲ್ಲ.

ಈ ಬರಹ ಅಂಥ ವಾಕ್ಯಗಳ ಬಗ್ಗೆ. ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಡೇಟಾ ಟೈಪುಗಳನ್ನು ವಿವರಿಸುವ ಕೈಪಿಡಿಗಳು, ಅಂದರೆ ಡಾಕ್ಯುಮೆಂಟೇಷನ್ ಎಂದು ಕರೆಸಿಕೊಳ್ಳುವ ಗದ್ಯದ ಬಗ್ಗೆ. ಅದರ ಮಾತನ್ನು ತಿದ್ದುವ, ಒರೆದು ನಯಗೊಳಿಸುವ ಕೆಲಸದ ಬಗ್ಗೆ. ಸಾಹಿತ್ಯದ ಪತ್ರಿಕೆಯಲ್ಲಿ ಇದೇಕೆ ಎಂದು ಕೇಳುವವರಿದ್ದಾರೆ. ನನ್ನ ವಿಭಾಗದಲ್ಲೇ ಇದ್ದಾರೆ. ನಾನು ಕನ್ನಡ ಛಂದಸ್ಸಿನ ಮೇಲೆ ಪಿಎಚ್‌ಡಿ ಮಾಡುತ್ತಿರುವವಳು, ಷಟ್ಪದಿಯ ಸಾಲುಗಳನ್ನು ಎಣಿಸಲು ಕಂಪ್ಯೂಟರ್ ಬಳಸುವವಳು. ದಿನಕ್ಕೆ ಕಾವ್ಯವನ್ನು ಎಷ್ಟು ಹೊತ್ತು ಓದುತ್ತೇನೋ ಸರಿಸುಮಾರು ಅಷ್ಟೇ ಹೊತ್ತು ಈ ಕೈಪಿಡಿಗಳನ್ನೂ ಓದುತ್ತೇನೆ. ಎರಡೂ ಕಡೆಯವರು ನನ್ನ ತಲೆ ತಿನ್ನುವುದು ಒಂದೇ ಮಾತಿನಿಂದ. ಸಾಹಿತ್ಯದವರು ‘ಅದು ಬರೀ ತಾಂತ್ರಿಕ ಬರಹ, ಅದರಲ್ಲಿ ಭಾಷೆ ಏನಿದೆ’ ಅನ್ನುತ್ತಾರೆ. ಪ್ರೋಗ್ರಾಮರುಗಳು ‘ಕೋಡ್ ನೋಡಿ, ವಾಕ್ಯ ಏನು ನೋಡ್ತೀರಿ’ ಅನ್ನುತ್ತಾರೆ. ಇಬ್ಬರೂ ತಪ್ಪು ಹೇಳುತ್ತಿದ್ದಾರೆ ಎಂಬುದು ನನ್ನ ವಾದ. ಮೂರನೆಯವರೊಬ್ಬರು ಇದ್ದಾರೆ, ಅವರ ಮೇಲೆ ನನ್ನ ಸಿಟ್ಟು ಇನ್ನೂ ಹೆಚ್ಚು. ಅವರು ಕೈಪಿಡಿಯ ಭಾಷೆ ಮುಖ್ಯ ಎಂದು ಒಪ್ಪುತ್ತಾರೆ, ಆದರೆ ಒಪ್ಪ ಮಾಡುವುದೆಂದರೆ ನುಣುಪು ಮಾಡುವುದು ಎಂದುಕೊಂಡಿದ್ದಾರೆ.

ಮೊದಲು ‘ಕ್ಯಾರೆಕ್ಟರ್’ ಎಂಬ ಪದದ ಜಾತಕ. ಆಸ್ಕಿ ಸಂಕೇತಪಟ್ಟಿ ಏಳು ಬಿಟ್ಟಿನದು, 128 ಮನೆಗಳದ್ದು. ಇಂಗ್ಲಿಷಿನ ದೊಡ್ಡಕ್ಷರ, ಸಣ್ಣಕ್ಷರ, ಅಂಕಿ, ಚುಕ್ಕಿ, ಅಲ್ಪವಿರಾಮ ಎಲ್ಲ ಅದರಲ್ಲಿ ಹಿಡಿಸಿದವು. ಸಿ ಭಾಷೆಯಲ್ಲಿ ‘ಚಾರ್’ ಎಂಬ ಡೇಟಾ ಟೈಪ್ ಇದೆ. ಅದರ ಗಾತ್ರ ವ್ಯಾಖ್ಯೆಯಿಂದಲೇ 1 ಬೈಟು. ಅಲ್ಲಿ ಕ್ಯಾರೆಕ್ಟರ್ ಎಂದು ಬರೆದವರು ನಾಲ್ಕು ಬೇರೆ ಬೇರೆ ವಸ್ತುಗಳನ್ನು ಒಂದೇ ಹೆಸರಿನಿಂದ ಕರೆಯುತ್ತಿದ್ದರು. ಕಣ್ಣಿಗೆ ಕಾಣುವ ಅಕ್ಷರ, ಪಟ್ಟಿಯಲ್ಲಿ ಅದಕ್ಕೆ ಕೊಟ್ಟ ಸಂಖ್ಯೆ, ನೆನಪಿನಲ್ಲಿ ಅದು ಹಿಡಿಯುವ ಜಾಗ, ಕೀಲಿಮಣೆಯ ಮೇಲೆ ಒಂದು ಒತ್ತು. ಇಂಗ್ಲಿಷಿನಲ್ಲಿ ಬರೆಯುವವನಿಗೆ ಈ ನಾಲ್ಕೂ ಒಂದರ ಮೇಲೊಂದು ಸರಿಯಾಗಿ ಕೂರುತ್ತಿದ್ದವು. ಕೂತಿದ್ದು ಆಕಸ್ಮಿಕ. ಆ ಆಕಸ್ಮಿಕವನ್ನೇ ಅವರು ವ್ಯಾಖ್ಯೆ ಮಾಡಿಬಿಟ್ಟರು.

ಯೂನಿಕೋಡ್ 1991ರಲ್ಲಿ ಮೊದಲ ಆವೃತ್ತಿ ತಂದಾಗ 16 ಬಿಟ್ಟು ಸಾಕು ಎಂಬ ನಂಬಿಕೆ ಇತ್ತು. ಜಾವಾ ಭಾಷೆ ಆ ನಂಬಿಕೆಯ ಮೇಲೆ ತನ್ನ ‘ಚಾರ್’ ಅನ್ನು 16 ಬಿಟ್ಟಿಗೆ ಕಟ್ಟಿತು. ಜಾವಾ ಹೊರಬಂದ 1996ರಲ್ಲೇ ಯೂನಿಕೋಡ್ 16 ಬಿಟ್ಟನ್ನು ದಾಟುವ ವ್ಯವಸ್ಥೆ ಮಾಡಿಕೊಂಡಿತು. ಅಂದಿನಿಂದ ಜಾವಾದ ಕೈಪಿಡಿ ಬರೆಯುವವರದು ನಾಯಿಪಾಡು. ಹೆಸರು ಚಾರ್, ಆದರೆ ಎಲ್ಲ ಕ್ಯಾರೆಕ್ಟರ್ ಅದರಲ್ಲಿ ಹಿಡಿಸುವುದಿಲ್ಲ. ಕೆಲವಕ್ಕೆ ಎರಡು ಚಾರ್ ಬೇಕು. ಹೆಸರನ್ನು ಬದಲಿಸುವಂತಿಲ್ಲ, ಜಗತ್ತಿನ ತುಂಬ ಕೋಡು ಬರೆದಾಗಿದೆ. ಇನ್ನು ಉಳಿದಿದ್ದು ವಿವರಣೆಯ ವಾಕ್ಯ ಒಂದೇ. ಹೆಸರು ಹೇಳುವ ಸುಳ್ಳನ್ನು ವಾಕ್ಯ ತಿದ್ದಬೇಕು. ಕೈಪಿಡಿಯ ಗದ್ಯ ಹೊತ್ತಿರುವ ಭಾರ ಅಂಥದ್ದು. ಕೋಡ್ ನೋಡಿದರೆ ಸಾಕು ಎನ್ನುವವರಿಗೆ ಇದು ನನ್ನ ಮೊದಲ ಉತ್ತರ: ಕೋಡೇ ಸುಳ್ಳು ಹೆಸರು ಇಟ್ಟುಕೊಂಡಿರುವಾಗ ನೀವು ನೋಡುವುದಾದರೂ ಏನನ್ನು?

ಈಗ ‘ಕನ್ನಡ’ ಎಂಬ ಪದವನ್ನೇ ತೆಗೆದುಕೊಳ್ಳೋಣ. ಓದುವವರಿಗೆ ಮೂರು ಅಕ್ಷರ. ಛಂದಸ್ಸಿನವರಿಗೆ ನಾಲ್ಕು ಮಾತ್ರೆ: ಮುಂದೆ ಒತ್ತಕ್ಷರ ಇರುವುದರಿಂದ ಮೊದಲ ‘ಕ’ ಗುರು, ಉಳಿದೆರಡು ಲಘು. ಪೈಥಾನ್ 3ರ ‘ಲೆನ್’ಗೆ ಕೇಳಿದರೆ 5: ಕ, ನ, ವಿರಾಮಚಿಹ್ನೆ, ಮತ್ತೆ ನ, ಡ. ಗೋ ಭಾಷೆಯ ಲೆನ್‌ಗೆ, ರಸ್ಟ್ ಭಾಷೆಯ ಲೆನ್‌ಗೆ ಕೇಳಿದರೆ 15, ಏಕೆಂದರೆ ಅವು ಬೈಟುಗಳನ್ನು ಎಣಿಸುತ್ತವೆ, ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಚಿಹ್ನೆಗೂ ಮೂರು ಬೈಟು. 3, 4, 5, 15. ಇವುಗಳಲ್ಲಿ ಯಾವುದೂ ತಪ್ಪಲ್ಲ. ಎಷ್ಟು ಎಂಬ ಪ್ರಶ್ನೆಗೆ ಏನು ಎಂದು ಸೇರಿಸದಿದ್ದರೆ ಮಾತ್ರ ಎಲ್ಲವೂ ತಪ್ಪು.

ನಮ್ಮ ಶಾಸ್ತ್ರಕಾರರಿಗೆ ಇದು ಗೊತ್ತಿತ್ತು. ಛಂದಸ್ಸಿನಲ್ಲಿ ಅಕ್ಷರಗಣ, ಮಾತ್ರಾಗಣ, ಅಂಶಗಣ ಎಂದು ಮೂರು ಎಣಿಕೆಗಳಿವೆ. ವೃತ್ತದ ಸಾಲಿಗೆ ಇಷ್ಟು ಅಕ್ಷರ ಎಂದು ಲೆಕ್ಕ. ಭಾಮಿನಿಯ ಸಾಲು ಮೂರು ನಾಲ್ಕು ಮೂರು ನಾಲ್ಕು ಎಂದಾಗ ಅದು ಮಾತ್ರೆ. ತ್ರಿಪದಿ ಹಾಡುವವರ ಲೆಕ್ಕ ಇನ್ನೊಂದು. ‘ಈ ಸಾಲು ಎಷ್ಟು ಉದ್ದ’ ಎಂದು ಬರೀ ಹಾಗೇ ಕೇಳಿದ ವಿದ್ಯಾರ್ಥಿಗೆ ಛಂದಸ್ಸಿನ ಮೇಷ್ಟ್ರು ‘ಯಾವುದರಲ್ಲಿ?’ ಎಂದು ಮರುಪ್ರಶ್ನೆ ಹಾಕದೆ ಬಿಡುವುದಿಲ್ಲ. 13ನೇ ಶತಮಾನದ ಕೇಶಿರಾಜ ಕನ್ನಡಕ್ಕೆ 47 ಶುದ್ಧ ಅಕ್ಷರ ಎಂದು ಎಣಿಸಿ ಇಡುವಾಗ, ಯಾವುದನ್ನು ಸೇರಿಸಿದೆ, ಯಾವುದನ್ನು ಬಿಟ್ಟೆ ಎಂದು ಮೊದಲು ಹೇಳಿ ಆಮೇಲೆ ಸಂಖ್ಯೆ ಹೇಳುತ್ತಾನೆ. ಡೇಟಾ ಟೈಪಿನ ಕೈಪಿಡಿ ಮಾಡಬೇಕಾದ್ದು ಇದಕ್ಕಿಂತ ಹೆಚ್ಚೇನೂ ಅಲ್ಲ.

ಪೈಥಾನಿನ ಕೈಪಿಡಿಯನ್ನೇ ನೋಡಿ. ಅದರಲ್ಲಿ ಎರಡು ಧ್ವನಿಗಳಿವೆ. ಲೈಬ್ರರಿ ರೆಫರೆನ್ಸ್ ಎಂಬ ಭಾಗ ಸ್ಟ್ರಿಂಗ್ ಎಂದರೆ ಯೂನಿಕೋಡ್ ಕೋಡ್ ಪಾಯಿಂಟ್‌ಗಳ ಬದಲಾಗದ ಅನುಕ್ರಮ ಎಂದು ಖಚಿತವಾಗಿ ಹೇಳುತ್ತದೆ. ಹೊಸಬರಿಗೆಂದು ಬರೆದ ಟ್ಯುಟೋರಿಯಲ್ ಭಾಗ ಕ್ಯಾರೆಕ್ಟರ್ ಎಂಬ ಪದದಲ್ಲೇ ಮುಂದುವರಿಯುತ್ತದೆ. ಕ್ಯಾರೆಕ್ಟರಿಗೆ ಬೇರೆ ಟೈಪ್ ಇಲ್ಲ, ಅದು ಒಂದು ಉದ್ದದ ಸ್ಟ್ರಿಂಗ್ ಅಷ್ಟೇ ಎನ್ನುತ್ತದೆ. ಮೊದಲನೆಯದು ಒರಟು, ಎರಡನೆಯದು ನಯ. ಯಾರು ಯಾವುದನ್ನು ಓದುತ್ತಾರೆ ಎಂದು ಯೋಚಿಸಿ. ಈಗಾಗಲೇ ಗೊತ್ತಿರುವವರು ರೆಫರೆನ್ಸ್ ಓದುತ್ತಾರೆ. ಗೊತ್ತಿಲ್ಲದವರು ಟ್ಯುಟೋರಿಯಲ್ ಓದುತ್ತಾರೆ. ನಿಜ ಹೇಳುವ ವಾಕ್ಯ ನಿಜ ಗೊತ್ತಿರುವವರ ಪಾಲಿಗೆ ಹೋಗುತ್ತದೆ. ಮಗು ಮೊದಲು ಬರಲಿ, ಕಷ್ಟದ್ದು ಆಮೇಲೆ ಹೇಳಿದರಾಯಿತು ಎಂಬ ಕರುಣೆ ಇದರ ಹಿಂದಿದೆ, ಗೊತ್ತು. ಆದರೆ ಇಂಗ್ಲಿಷಿನ ಮಗುವಿಗೆ ಆ ‘ಆಮೇಲೆ’ ವರ್ಷಗಟ್ಟಲೆ ಬರದಿದ್ದರೂ ನಡೆಯುತ್ತದೆ. ಕನ್ನಡದ ಮಗುವಿಗೆ ಅದು ತನ್ನ ಹೆಸರು ಟೈಪು ಮಾಡಿದ ಮೊದಲ ನಿಮಿಷದಲ್ಲೇ ಎದುರಾಗುತ್ತದೆ.

ಇಲ್ಲಿ ನುಣುಪುವಾದಿಗಳ ಸರದಿ. ಇವರ ಮಂತ್ರ ‘ಸರಳವಾಗಿ ಬರೆಯಿರಿ’. ಉದ್ದ ವಾಕ್ಯ ಒಡೆಯಿರಿ, ಕರ್ಮಣಿ ಪ್ರಯೋಗ ಬಿಡಿ, ಓದುಗರನ್ನು ನೀವು ಎಂದು ಕರೆಯಿರಿ. ಇಷ್ಟರ ತನಕ ನನ್ನದೇನೂ ತಕರಾರಿಲ್ಲ. ಆದರೆ ಇದೇ ಉಸಿರಿನಲ್ಲಿ ಅವರು ‘ಕೋಡ್ ಪಾಯಿಂಟ್’ ತೆಗೆದು ‘ಕ್ಯಾರೆಕ್ಟರ್’ ಹಾಕುತ್ತಾರೆ, ಅದನ್ನೂ ಸರಳೀಕರಣದ ಲೆಕ್ಕಕ್ಕೆ ಬರೆದುಕೊಳ್ಳುತ್ತಾರೆ. ವಾಕ್ಯವನ್ನು ಸರಳ ಮಾಡುವುದು ಬೇರೆ, ವಸ್ತುವನ್ನು ಬದಲಿಸುವುದು ಬೇರೆ. ತಕ್ಕಡಿ ಸುಲಭವಾಗಿ ತೂಗಲಿ ಎಂದು ಬಟ್ಟಿನ ತೂಕ ಕಡಿಮೆ ಮಾಡಿದರೆ ಅದಕ್ಕೆ ಸಂತೆಯಲ್ಲಿ ಏನನ್ನುತ್ತಾರೆ ಎಂದು ನಿಮಗೆ ಗೊತ್ತು.

ಒರಟಾಗಿದ್ದೂ ಸರಿಯಾಗಿರುವ ವಾಕ್ಯವೊಂದು ಪೈಥಾನಿನ ಕೈಪಿಡಿಯಲ್ಲೇ ಇದೆ, ನನಗೆ ಅದು ಬಹಳ ಇಷ್ಟ. ಟ್ಯೂಪಲ್ ಎಂಬ ಟೈಪ್ ಬದಲಾಗದ್ದು. ಆದರೆ ಟ್ಯೂಪಲಿನೊಳಗೆ ಒಂದು ಲಿಸ್ಟ್ ಇಟ್ಟರೆ ಆ ಲಿಸ್ಟ್ ಬದಲಾಗಬಹುದು. ಹಾಗಾದರೆ ಟ್ಯೂಪಲ್ ಬದಲಾಯಿತೇ? ಕೈಪಿಡಿ ಇಲ್ಲಿ ತಡವರಿಸುತ್ತದೆ. ಒಳಗಿನ ವಸ್ತು ಬದಲಾದಾಗ ಇಡೀ ಟ್ಯೂಪಲಿನ ಮೌಲ್ಯ ಬದಲಾಗಬಹುದು, ಆದರೂ ಅದನ್ನು ಬದಲಾಗದ್ದೆಂದೇ ಪರಿಗಣಿಸುತ್ತೇವೆ, ಏಕೆಂದರೆ ಅದು ಯಾವ ಯಾವ ವಸ್ತುಗಳನ್ನು ಹಿಡಿದಿದೆಯೋ ಆ ಹಿಡಿತ ಬದಲಾಗದು, ಆದ್ದರಿಂದ ಬದಲಾಗದಿರುವಿಕೆ ಎಂದರೆ ಮೌಲ್ಯ ಬದಲಾಗದಿರುವುದು ಎಂದಷ್ಟೇ ಅಲ್ಲ, ವಿಷಯ ಅದಕ್ಕಿಂತ ಸೂಕ್ಷ್ಮ, ಎಂಬ ಅರ್ಥದಲ್ಲಿ ಉದ್ದಕ್ಕೆ ಎಳೆದುಕೊಂಡು ಹೋಗುತ್ತದೆ. ಈ ವಾಕ್ಯವನ್ನು ನುಣುಪುವಾದಿಯ ಕೈಗೆ ಕೊಟ್ಟರೆ ‘ಟ್ಯೂಪಲ್ ಬದಲಾಗುವುದಿಲ್ಲ’ ಎಂದು ಎರಡು ಪದಕ್ಕೆ ಇಳಿಸುತ್ತಾನೆ. ಓದಲು ಹಾಯಾಗಿರುತ್ತದೆ, ಅರ್ಧ ಸುಳ್ಳಾಗಿರುತ್ತದೆ. ವಸ್ತುವೇ ಗಂಟು ಬಿದ್ದಿರುವಾಗ ವಾಕ್ಯದಲ್ಲೂ ಆ ಗಂಟು ಕಾಣಬೇಕಾಗುತ್ತದೆ.

ಹೊಗಳಬೇಕಾದವರನ್ನು ಹೊಗಳಿಬಿಡುತ್ತೇನೆ. ಗೋ ಭಾಷೆಯವರು ಕ್ಯಾರೆಕ್ಟರ್ ಎಂಬ ಪದದ ಸಹವಾಸವೇ ಬೇಡವೆಂದು ಕೋಡ್ ಪಾಯಿಂಟಿಗೆ ‘ರೂನ್’ ಎಂದು ಹೆಸರಿಟ್ಟರು. ಅದೇ ಭಾಷೆಯ ನಿರ್ಮಾಪಕರಲ್ಲಿ ಒಬ್ಬರಾದ ರಾಬ್ ಪೈಕ್ 2013ರಲ್ಲಿ ಇದನ್ನು ವಿವರಿಸಿ ಒಂದು ಲೇಖನ ಬರೆದರು. ಸ್ಟ್ರಿಂಗ್ ಎಂದರೆ ಬೈಟುಗಳು, ಕ್ಯಾರೆಕ್ಟರ್ ಎಂಬುದು ಅಸ್ಪಷ್ಟ ಕಲ್ಪನೆ ಎಂದು ಮುಚ್ಚುಮರೆಯಿಲ್ಲದೆ ಹೇಳಿದರು. ಕೆನ್ ಥಾಂಪ್ಸನ್ ಜೊತೆ ಸೇರಿ 1992ರಲ್ಲಿ ಯುಟಿಎಫ್-8 ಅನ್ನು ರೂಪಿಸಿದವರೂ ಅವರೇ. ಸಂಕೇತವನ್ನು ಕಟ್ಟಿದವರಿಗೇ ಪದದ ಬಗ್ಗೆ ಅಷ್ಟು ಎಚ್ಚರ ಇದೆ ಎಂದರೆ ಬಳಸುವ ನಮಗೆ ಇರಬಾರದೇ? ರೂನ್ ಎಂಬುದು ಉತ್ತರ ಯುರೋಪಿನ ಹಳೆಯ ಲಿಪಿಯ ಹೆಸರು. ಅದಕ್ಕೂ ಇದಕ್ಕೂ ಏನು ಸಂಬಂಧ ಎಂದು ಕೇಳಿದರೆ ಏನೂ ಇಲ್ಲ, ಅದೇ ಅದರ ಗುಣ. ಹಳೆಯ ಅರ್ಥ ಯಾರ ತಲೆಯಲ್ಲೂ ಇಲ್ಲದ್ದರಿಂದ ಕೈಪಿಡಿ ಹೇಳಿದ್ದನ್ನೇ ಓದುಗರು ನಂಬಬೇಕಾಗುತ್ತದೆ.

ರಸ್ಟ್ ಭಾಷೆಯ ಅಧಿಕೃತ ಪುಸ್ತಕ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಭಾರತದ ಲಿಪಿಯನ್ನೇ ಉದಾಹರಣೆಯಾಗಿ ತಂದಿತು. ‘ನಮಸ್ತೇ’ ಎಂಬ ಪದವನ್ನು ದೇವನಾಗರಿಯಲ್ಲಿ ಬರೆದು, ಇದು ಬೈಟಿನಲ್ಲಿ 18, ರಸ್ಟಿನ ಚಾರ್ ಲೆಕ್ಕದಲ್ಲಿ 6 ಎಂದು ತೋರಿಸುತ್ತದೆ. ಆರರಲ್ಲಿ ಎರಡು ಸ್ವತಂತ್ರ ಅಕ್ಷರಗಳಲ್ಲ, ತಾವಾಗಿ ನಿಲ್ಲಲಾರದ ಚಿಹ್ನೆಗಳು ಎಂದೂ ಹೇಳುತ್ತದೆ. ಇಷ್ಟು ಓದಿ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಕೊನೆಗೂ ಯಾರೋ ನಮ್ಮನ್ನು ನೆನೆದರು! ಮುಂದಿನ ಸಾಲಿನಲ್ಲಿ ನಾನು ಓದಿದ ಆವೃತ್ತಿ ಹೇಳಿದ್ದು, ಗ್ರಾಫೀಮ್ ಕ್ಲಸ್ಟರ್ ಲೆಕ್ಕದಲ್ಲಿ ನೋಡಿದರೆ ಮನುಷ್ಯರು ಈ ಪದದ ಅಕ್ಷರಗಳು ಎಂದು ಕರೆಯುವ ನಾಲ್ಕು ಸಿಗುತ್ತವೆ ಎಂದು. ನ, ಮ, ಸ್, ತೇ. ನಾಲ್ಕು!

ಯಾವ ಮನುಷ್ಯರು? ಹಿಂದಿ ಓದುವ ಎರಡನೇ ತರಗತಿಯ ಹುಡುಗನನ್ನು ಕೇಳಿ, ನಮಸ್ತೇ ಮೂರಕ್ಷರ ಎನ್ನುತ್ತಾನೆ. ‘ಸ್ತೇ’ ಒಂದಕ್ಷರ, ಸಂಯುಕ್ತಾಕ್ಷರ. ನಾಲ್ಕು ಎಂದು ಹೇಳುತ್ತಿದ್ದುದು ಆಗಿನ ಯೂನಿಕೋಡ್ ನಿಯಮ. ಅದರ ಎಣಿಕೆಯನ್ನು ‘ಮನುಷ್ಯರು ಹೇಳುವುದು’ ಎಂದು ಬರೆದದ್ದು ಒಪ್ಪಮಾಡುವ ಉತ್ಸಾಹ. ಗ್ರಾಫೀಮ್ ಕ್ಲಸ್ಟರ್ ಎಂಬ ಗಡಸು ಪದಕ್ಕೆ ಒಂದು ಬೆಚ್ಚಗಿನ ಮಾನವೀಯ ವಿವರಣೆ ಬೇಕೆನಿಸಿತು, ಕೊಟ್ಟರು, ಆ ವಿವರಣೆಯೇ ತಪ್ಪಾಯಿತು. ಇಷ್ಟು ಎಚ್ಚರದ, ಇಷ್ಟು ಪ್ರೀತಿಯಿಂದ ಬರೆದ ಪುಸ್ತಕದಲ್ಲಿ ಇದು ನಡೆದಿದೆ ಎಂಬುದೇ ನನಗೆ ಮುಖ್ಯ. ಆ ಪುಸ್ತಕದ ಪರವಾಗಿ ಯಾರಾದರೂ ಜಗಳಕ್ಕೆ ಬಂದರೆ ನಾನೂ ಅವರ ಕಡೆಗೇ. ಆದರೆ ಆ ‘ಮನುಷ್ಯರು’ ಎಂಬ ಪದ ಮಾತ್ರ ನನ್ನ ಗಂಟಲಲ್ಲಿ ಸಿಕ್ಕಿಕೊಂಡಿದೆ.

ಈ ಕತೆಗೆ ಇನ್ನೂ ಒಂದು ತಿರುವಿದೆ. 2023ರಲ್ಲಿ ಬಂದ ಯೂನಿಕೋಡ್ 15.1 ಆವೃತ್ತಿ ಸಂಯುಕ್ತಾಕ್ಷರವನ್ನು ಒಡೆಯದಂತೆ ಹೊಸ ನಿಯಮ ಸೇರಿಸಿತು. ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಲಿಪಿಗಳಿಗೆ ಅದು ಅನ್ವಯಿಸಿತು. ಆ ಪಟ್ಟಿಯಲ್ಲಿ ಕನ್ನಡವಿರಲಿಲ್ಲ. ಆ ನಿಯಮದಂತೆ ನಮಸ್ತೇ ದೇವನಾಗರಿಯಲ್ಲಿ ಮೂರು, ಅದೇ ಪದ ಕನ್ನಡ ಲಿಪಿಯಲ್ಲಿ ನಾಲ್ಕು. ತೆಲುಗಿನ ‘ನ್ನ’ ಒಂದು, ಪಕ್ಕದ ಮನೆಯ ಕನ್ನಡದ ‘ನ್ನ’ ಎರಡು. ಲಿಪಿತಜ್ಞರಿಗೆ ಅವರದೇ ಕಾರಣಗಳಿರುತ್ತವೆ, ಅದರ ಜಗಳ ಇನ್ನೊಂದು ದಿನಕ್ಕಿರಲಿ. ಇಲ್ಲಿ ನನ್ನ ಮಾತು ಕೈಪಿಡಿಯ ಬಗ್ಗೆ ಮಾತ್ರ: ‘ಬಳಕೆದಾರರು ಒಂದು ಅಕ್ಷರವೆಂದು ಗ್ರಹಿಸುವುದು’ ಎಂಬ ನುಣುಪು ವಿವರಣೆಯನ್ನು ಗ್ರಾಫೀಮ್ ಕ್ಲಸ್ಟರಿಗೆ ಕೊಟ್ಟು ಮುಂದೆ ಹೋದರೆ, ಕನ್ನಡದ ಬಳಕೆದಾರರು ಬಳಕೆದಾರರೇ ಅಲ್ಲ ಎಂದು ಹೇಳಿದಂತೆ ಆಗುತ್ತದೆ.

ಇದರಿಂದ ಯಾರ ಗಂಟು ಹೋಯಿತು ಎಂದು ಕೇಳುವವರಿಗೆ ಕೆಲವು ಲೆಕ್ಕ. ಒರಾಕಲ್ ಡೇಟಾಬೇಸಿನಲ್ಲಿ ಹೆಸರಿನ ಕಾಲಮಿಗೆ 20 ಎಂದು ಉದ್ದ ಕೊಟ್ಟರೆ ಅದು ಮೂಲತಃ 20 ಬೈಟು; ಕ್ಯಾರೆಕ್ಟರ್ ಲೆಕ್ಕ ಬೇಕಾದರೆ ಬೇರೆಯಾಗಿ ಹೇಳಬೇಕು. ಮೈಎಸ್‌ಕ್ಯೂಎಲ್‌ನಲ್ಲಿ ಅದೇ 20 ಎಂದರೆ 20 ಕೋಡ್ ಪಾಯಿಂಟ್. ಬೈಟಿನ ಲೆಕ್ಕದಲ್ಲಿ ‘ಶ್ರೀನಿವಾಸ’ ಎಂಬ ಹೆಸರಿಗೆ 27 ಬೇಕು. ಡೇಟಾಬೇಸ್ ದೋಷ ಎಂದು ಕೂಗುತ್ತದೆ. ಕೂಗದಿರಲೆಂದು ಪ್ರೋಗ್ರಾಮರ್ ಮೊದಲೇ ಕತ್ತರಿಸಿದರೆ ಉಳಿಯುವುದು ‘ಶ್ರೀನಿ’. ಗೆಳೆಯರು ಕರೆಯುವ ಹೆಸರೇ ಆಯಿತಲ್ಲ ಎಂದು ನಗಬಹುದು. ಅರ್ಜಿಯ ಹೆಸರಿಗೂ ಗುರುತಿನ ಚೀಟಿಯ ಹೆಸರಿಗೂ ತಾಳೆಯಾಗದೆ ಕಚೇರಿಯಿಂದ ಕಚೇರಿಗೆ ಅಲೆಯುವವನಿಗೆ ನಗು ಬರುವುದಿಲ್ಲ. ಮೊಬೈಲಿನ ಎಸ್ಎಂಎಸ್ ‘160 ಕ್ಯಾರೆಕ್ಟರ್’ ಎಂದು ನಾವೆಲ್ಲ ಕೇಳಿದ್ದೇವೆ. ಇಂಗ್ಲಿಷ್ ಸಂದೇಶಕ್ಕೆ ಅದು ನಿಜ. ಸಾಮಾನ್ಯವಾಗಿ ಕನ್ನಡದಲ್ಲಿ ಬರೆದ ಕೂಡಲೇ ಅದು 70ಕ್ಕೆ ಇಳಿಯುತ್ತದೆ, ಆ 70ರಲ್ಲೂ ಗುಡಿಸು, ಕೊಂಬು, ವಿರಾಮ ಎಲ್ಲಕ್ಕೂ ಪ್ರತ್ಯೇಕ ಕಂದಾಯ. ಮೈಎಸ್‌ಕ್ಯೂಎಲ್‌ನಲ್ಲಿ ‘ಯುಟಿಎಫ್8’ ಎಂಬ ಹೆಸರಿನ ವ್ಯವಸ್ಥೆ ವರ್ಷಗಟ್ಟಲೆ ಮೂರು ಬೈಟಿಗಿಂತ ಹೆಚ್ಚಿನದನ್ನು ಒಪ್ಪುತ್ತಿರಲಿಲ್ಲ. ನಿಜವಾದ ಯುಟಿಎಫ್-8ಗೆ 2010ರಲ್ಲಿ ಬೇರೆ ಹೆಸರಿಡಬೇಕಾಯಿತು. ಕನ್ನಡ ಮೂರು ಬೈಟಿನೊಳಗೇ ಇರುವುದರಿಂದ ನಾವು ಬಚಾವಾದೆವು, ಸಿಕ್ಕಿಬಿದ್ದದ್ದು ಇಮೋಜಿ. ಇಮೋಜಿ ಬಂದ ಮೇಲೆಯೇ ಇಂಗ್ಲಿಷಿನ ಪ್ರೋಗ್ರಾಮರುಗಳಿಗೆ ಕ್ಯಾರೆಕ್ಟರ್ ಎಂದರೆ ಏನು ಎಂಬ ಅನುಮಾನ ಗಟ್ಟಿಯಾಗಿ ಬಂದದ್ದು ಎಂದು ನನಗೆ ಅನಿಸುತ್ತದೆ. ಕೋಟಿಗಟ್ಟಲೆ ಜನರ ಒತ್ತಕ್ಷರ ಮಾಡಲಾಗದ ಕೆಲಸವನ್ನು ಒಂದು ಹಳದಿ ನಗುಮುಖ ಮಾಡಿತು.

ಕೋಲಾರದವರಿಗೆ ಇನ್ನೊಂದು ತಾಪತ್ರಯ. ‘ಕೋ’ದ ಚಿಹ್ನೆಯನ್ನು ಯೂನಿಕೋಡಿನಲ್ಲಿ ಒಂದೇ ಕೋಡ್ ಪಾಯಿಂಟಾಗಿಯೂ ಬರೆಯಬಹುದು, ಮೂರಾಗಿ ಬಿಡಿಸಿಯೂ ಬರೆಯಬಹುದು. ಒಂದು ಕೋಲಾರದ ಉದ್ದ 5, ಇನ್ನೊಂದರದ್ದು 7. ಕಣ್ಣಿಗೆ ಎರಡೂ ಒಂದೇ; ಎರಡೂ ಸಮವೇ ಎಂದು ಪೈಥಾನಿಗೆ ಕೇಳಿದರೆ ಅಲ್ಲ ಎನ್ನುತ್ತದೆ. ಸ್ಟ್ರಿಂಗುಗಳ ಹೋಲಿಕೆಯನ್ನು ವಿವರಿಸುವ ವಾಕ್ಯದಲ್ಲಿ ‘ಒಂದೇ ಕ್ಯಾರೆಕ್ಟರುಗಳಿದ್ದರೆ ಸಮ’ ಎಂದು ಬರೆದರೆ ಎಂಥ ಅನಾಹುತ ಎಂದು ಈಗ ನಿಮಗೇ ಗೊತ್ತಾಗುತ್ತದೆ.

ಎದುರು ಪಕ್ಷಕ್ಕೂ ನ್ಯಾಯ ಸಲ್ಲಿಸಬೇಕು. ಕೈಪಿಡಿಯಲ್ಲಿ ಪದ ತಿದ್ದಲು ಬರುವವರನ್ನು ಕಂಡರೆ ಪ್ರಾಜೆಕ್ಟು ನಡೆಸುವವರು ಮುಖ ಸಿಂಡರಿಸುವುದಕ್ಕೆ ಕಾರಣವಿದೆ. 2020ರ ಅಕ್ಟೋಬರಿನಲ್ಲಿ ಹ್ಯಾಕ್ಟೋಬರ್‌ಫೆಸ್ಟ್ ಎಂಬ ಹಬ್ಬದ ಹೆಸರಲ್ಲಿ ನಾಲ್ಕು ತಿದ್ದುಪಡಿ ಕಳಿಸಿದವರಿಗೆ ಟೀ ಶರ್ಟು ಎಂದಾಗ, ಜಗತ್ತಿನ ಮೂಲೆಮೂಲೆಯಿಂದ ಜನ ಒಂದು ವಿಶೇಷಣ ಸೇರಿಸಿ, ಒಂದು ಚುಕ್ಕಿ ಇಟ್ಟು ಕಳಿಸಿದರು. ನಿರ್ವಾಹಕರು ರೋಸಿಹೋಗಿ ಗಲಾಟೆ ಮಾಡಿದ ಮೇಲೆ, ಒಪ್ಪಿದ ಪ್ರಾಜೆಕ್ಟುಗಳಿಗೆ ಮಾತ್ರ ಎಂದು ನಿಯಮ ಬದಲಾಯಿತು. ಸಂಬಳವಿಲ್ಲದೆ ರಾತ್ರಿ ಕೂತು ಕೆಲಸ ಮಾಡುವವರಿಗೆ ಇಂಥದ್ದು ಹಿಂಸೆ, ಒಪ್ಪುತ್ತೇನೆ. ಆದರೆ ಇದರಿಂದ ಅವರು ಕಲಿತ ಪಾಠ ತಪ್ಪು. ಪದದ ತಿದ್ದುಪಡಿಗಳೆಲ್ಲ ಕ್ಷುಲ್ಲಕ ಎಂದು ತೀರ್ಮಾನಿಸಿ, ‘ವರ್ಡಿಂಗ್ ಮಾತ್ರ’ ಎಂಬ ಹಣೆಪಟ್ಟಿ ಅಂಟಿಸಿ ಬದಿಗಿಡುತ್ತಾರೆ. ಕೋಡಿನಲ್ಲಿ ‘5’ ಇರುವಲ್ಲಿ ‘6’ ಹಾಕಿದರೆ ಅದು ದೋಷ, ಪರೀಕ್ಷೆಗಳು ಕೆಂಪಾಗುತ್ತವೆ, ಮೂವರು ಓಡಿಬರುತ್ತಾರೆ. ವಾಕ್ಯದಲ್ಲಿ ‘ಕೋಡ್ ಪಾಯಿಂಟ್’ ಇರುವಲ್ಲಿ ‘ಕ್ಯಾರೆಕ್ಟರ್’ ಹಾಕಿದರೆ ಯಾವ ಪರೀಕ್ಷೆಯೂ ಕೆಂಪಾಗುವುದಿಲ್ಲ. ಆ ದೋಷ ಓದಿದವರ ತಲೆಯಲ್ಲಿ ಹೋಗಿ ಕೂತು, ಮುಂದೆ ಅವರು ಬರೆಯುವ ನೂರು ಕೋಡುಗಳಲ್ಲಿ ಹೊರಬರುತ್ತದೆ.

ಇನ್ನು ಕನ್ನಡಕ್ಕೆ ತರುವ ಮಾತು. ಪರದೆಯ ಮೇಲೆ ‘ಪಾಸ್‌ವರ್ಡ್ ಕನಿಷ್ಠ 8 ಅಕ್ಷರಗಳಿರಬೇಕು’ ಎಂದು ಓದುತ್ತೇವೆ. ಕ್ಯಾರೆಕ್ಟರಿಗೆ ಅಕ್ಷರ ಎಂದು ಹಾಕಿದ ಅನುವಾದಕರು ಒಳ್ಳೆಯ ಕನ್ನಡ ಬರೆದೆವು ಎಂದುಕೊಂಡಿರುತ್ತಾರೆ. ಇಂಗ್ಲಿಷಿನಲ್ಲಿ ಆ ಪದ ಬರೀ ಅಸ್ಪಷ್ಟವಾಗಿತ್ತು. ಕನ್ನಡದಲ್ಲಿ ಅಕ್ಷರ ಎಂಬುದಕ್ಕೆ ಸಾವಿರ ವರ್ಷದಿಂದ ಖಚಿತವಾದ ಅರ್ಥವಿದೆ, ಕಾಗುಣಿತ ಕಲಿತ ಮಗುವಿಗೂ ಅದು ಗೊತ್ತು. ಆದ್ದರಿಂದ ನಮ್ಮಲ್ಲಿ ಆ ವಾಕ್ಯ ಅಸ್ಪಷ್ಟವಾಗಿ ಉಳಿಯದೆ ನೇರವಾಗಿ ತಪ್ಪಾಗುತ್ತದೆ. ಇದಕ್ಕೆ ಮದ್ದು ಇನ್ನೊಂದು ಸಂಸ್ಕೃತ ಪದವನ್ನು ಟಂಕಿಸುವುದಲ್ಲ. ‘ಸಂಕೇತಬಿಂದು’ ಎಂದು ಬರೆದು ಬೆನ್ನು ತಟ್ಟಿಕೊಂಡರೆ ಗೊತ್ತಿಲ್ಲದವರಿಗೆ ಇನ್ನಷ್ಟು ಗೊತ್ತಾಗುವುದಿಲ್ಲ, ಗೊತ್ತಿದ್ದವರಿಗೆ ಕೋಡ್ ಪಾಯಿಂಟ್ ಎಂದು ಮತ್ತೆ ತಲೆಯಲ್ಲೇ ತಿರುಗಿಸಿಕೊಳ್ಳುವ ಕೆಲಸ. ಬಸ್ಸು, ಬೈಟು, ಬ್ಯಾಟರಿ ಬಂದಂತೆ ಕೋಡ್ ಪಾಯಿಂಟೂ ಬರಲಿ.

ಹಾಗಾದರೆ ನೀನು ಹೇಗೆ ಬರೆಯುತ್ತೀ ಎಂದು ಕೇಳಬಹುದು. ಕೇಳಬೇಕು. ‘ಸ್ಟ್ರಿಂಗ್ ಎಂದರೆ ಅಕ್ಷರಗಳ ಸಾಲು’ ಎಂಬುದು ನುಣುಪುವಾದಿಯ ವಾಕ್ಯ, ಅದನ್ನು ಕಸದ ಬುಟ್ಟಿಗೆ ಹಾಕಿ. ‘ಸ್ಟ್ರಿಂಗ್ ಎಂಬುದು ಯೂನಿಕೋಡ್ ಕೋಡ್ ಪಾಯಿಂಟ್‌ಗಳ ಪರಿವರ್ತನರಹಿತ ಅನುಕ್ರಮವಾಗಿರುತ್ತದೆ’ ಎಂಬುದು ಸರಿ, ಆದರೆ ಸರ್ಕಾರಿ ಸುತ್ತೋಲೆ ಓದಿದ ಹಾಗಿದೆ. ನಾನು ಬರೆಯುವುದಾದರೆ: ‘ಸ್ಟ್ರಿಂಗ್ ಎಂದರೆ ಕೋಡ್ ಪಾಯಿಂಟ್‌ಗಳ ಸಾಲು. ಒಮ್ಮೆ ಕಟ್ಟಿದ ಮೇಲೆ ಅದನ್ನು ತಿದ್ದಲಾಗದು. ತಿದ್ದಿದಂತೆ ಕಂಡರೆ ಸಿಕ್ಕಿರುವುದು ಹೊಸ ಸ್ಟ್ರಿಂಗ್. ಕೋಡ್ ಪಾಯಿಂಟ್ ಮತ್ತು ನೀವು ಓದುವ ಅಕ್ಷರ ಒಂದೇ ಅಲ್ಲ. ‘ನ್ನ’ ಓದಲು ಒಂದು ಅಕ್ಷರ, ಇಲ್ಲಿ ಮೂರು ಕೋಡ್ ಪಾಯಿಂಟ್. ಲೆನ್ ಎಣಿಸುವುದು ಕೋಡ್ ಪಾಯಿಂಟ್‌ಗಳನ್ನು.’ ಆರು ವಾಕ್ಯ. ಒಂದೂ ಕಷ್ಟದ್ದಲ್ಲ. ಸರಳತೆ ಮತ್ತು ನಿಖರತೆ ಎರಡರಲ್ಲಿ ಒಂದನ್ನು ಆರಿಸಿ ಎನ್ನುವವರು ಒಂದು ಮಧ್ಯಾಹ್ನ ಕೂತು ಹೀಗೆ ನಾಲ್ಕು ಸಲ ಬರೆದು ನೋಡಿದವರಲ್ಲ.

ಸಾಹಿತ್ಯ ವಿಭಾಗದ ಗೆಳೆಯರಿಗೆ ಒಂದು ಮಾತು ಉಳಿದಿದೆ. ಇದು ತಾಂತ್ರಿಕರ ಜಗಳ, ನಮಗೇಕೆ ಎಂದಿರಲ್ಲ. ಈಚೆಗೆ ಒಂದು ವಿಚಾರಸಂಕಿರಣದಲ್ಲಿ ಕವಿಗಳ ಪದಸಂಪತ್ತನ್ನು ಕಂಪ್ಯೂಟರಿನಿಂದ ಅಳೆದ ಪ್ರಬಂಧವೊಂದನ್ನು ಕೇಳಿದೆ. ಬಣ್ಣಬಣ್ಣದ ಗ್ರಾಫುಗಳಿದ್ದವು. ಇಂಥ ಕವಿಯ ಪದಗಳು ಸರಾಸರಿ ಇಷ್ಟು ಅಕ್ಷರ, ಅಂಥವರದ್ದು ಅಷ್ಟು ಅಕ್ಷರ, ಆದ್ದರಿಂದ ಮೊದಲನೆಯವರದು ದೀರ್ಘಪದಗಳ ಶೈಲಿ ಎಂಬ ತೀರ್ಮಾನವಿತ್ತು. ಎಣಿಸಿದ್ದು ಲೆನ್. ಲೆನ್‌ಗೆ ‘ಸ್ವಾತಂತ್ರ್ಯ’ 11, ‘ಮನೆಯವರು’ 7. ಓದುವ ಕಿವಿಗೆ ಸ್ವಾತಂತ್ರ್ಯ ಮೂರಕ್ಷರ, ಮನೆಯವರು ಐದಕ್ಷರ. ಯಾವುದು ಉದ್ದ ಯಾವುದು ಗಿಡ್ಡ ಎಂಬುದೇ ತಲೆಕೆಳಗಾಗಿದೆ. ಒತ್ತಕ್ಷರ ಹೆಚ್ಚಿರುವ ಸಂಸ್ಕೃತಭೂಯಿಷ್ಠ ಕವಿಗೆ ಪುಕ್ಕಟೆ ಉದ್ದ ಸಿಗುತ್ತದೆ, ದೇಸಿ ಕವಿ ಗಿಡ್ಡವಾಗುತ್ತಾನೆ. ‘ಸಾಫ್ಟ್‌ವೇರ್’ ಎಂದು ಬರೆದವರಿಗೆ ಒತ್ತಕ್ಷರವಾಗದಂತೆ ನಡುವೆ ಇಡುವ ಕಣ್ಣಿಗೆ ಕಾಣದ ಚಿಹ್ನೆಯೂ ಒಂದು ಎಂದು ಎಣಿಕೆಗೆ ಬರುತ್ತದೆ. ಆ ಗ್ರಾಫು ಅಳೆದದ್ದು ಕಾವ್ಯದ ಶೈಲಿಯನ್ನಲ್ಲ, ಯೂನಿಕೋಡ್ ಸಮಿತಿ ಕನ್ನಡವನ್ನು ಹೇಗೆ ಬಿಡಿಸಿಟ್ಟಿದೆ ಎಂಬುದನ್ನು.

ಸಭೆಯಲ್ಲಿ ಪಂಡಿತರಿದ್ದರು. ಹಳಗನ್ನಡದ ಒಂದು ಪಾಠಾಂತರಕ್ಕೆ ಅರ್ಧ ಗಂಟೆ ಜಗಳವಾಡಬಲ್ಲವರು. ಅಕ್ಷರ ಎಂದರೆ ಇಲ್ಲಿ ಏನು ಎಂದು ಯಾರೂ ಕೇಳಲಿಲ್ಲ. ಎದ್ದು ನಿಂತು ಕೇಳಿದಾಗ ‘ಅದು ಟೆಕ್ನಿಕಲ್ ವಿಷಯ, ಆಮೇಲೆ ಮಾತಾಡೋಣಮ್ಮ’ ಎಂದು ಅಧ್ಯಕ್ಷರು ಚಹಾಕ್ಕೆ ಬಿಡುವು ಕೊಟ್ಟರು. ಆಮೇಲೆ ಎಂಬುದು ಇನ್ನೂ ಬಂದಿಲ್ಲ. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ. ಮುಂದಿನ ವರ್ಷದಿಂದ ಎಣಿಕೆ ಇರುವ ಯಾವ ಕನ್ನಡ ಪ್ರಬಂಧ ಮೌಲ್ಯಮಾಪನಕ್ಕೆ ಬಂದರೂ, ವಿಧಾನದ ಅಧ್ಯಾಯದಲ್ಲಿ ‘ಅಕ್ಷರ’ ಎಂಬ ಪದ ಬರೆದಲ್ಲೆಲ್ಲ ಅದು ಗುಣಿತ, ಒತ್ತು ಸೇರಿದ ಅಕ್ಷರವೋ, ಮಾತ್ರೆಯೋ, ಕೋಡ್ ಪಾಯಿಂಟೋ, ಬೈಟೋ ಎಂದು ಒಂದು ಸಾಲಿನಲ್ಲಿ ಬರೆಸಿ. ಇಲ್ಲದಿದ್ದರೆ ಪ್ರಬಂಧವನ್ನು ವಾಪಸ್ ಕಳಿಸಿ, ನನ್ನದಾದರೂ ಸರಿ.